ಪಂದ್ಯಕ್ಕೆ ಮುಂಚೆ ಎಷ್ಟು ತೂಕ ಇಳಿಸಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಕುಸ್ತಿ ಪಂದ್ಯ ಹತ್ತಿರ ಬಂತು ಅಂದ್ರೆ ಗರಡಿಯಲ್ಲಿ ಪಟ್ಟುಗಳ ಮಾತು ಕಡಿಮೆಯಾಗುತ್ತದೆ, ತೂಕದ ಮಾತು ಜಾಸ್ತಿಯಾಗುತ್ತದೆ. "ಸರ್, ನಾನು 69 ಇದೀನಿ, 65ಕ್ಕೆ ಇಳಿಯಲಾ?" "ಅವನು ಎರಡೇ ದಿನದಲ್ಲಿ ನಾಲ್ಕು ಕಿಲೋ ತೆಗೆದನಂತೆ, ನನಗೂ ಆಗುತ್ತಾ?" ಹುಡುಗರು ಕೇಳುವುದು ಹೀಗೆ. ಇವತ್ತು ನಾನು ಮಾತಾಡುವುದೂ ಇದರ ಬಗ್ಗೆಯೇ.

ಮಣ್ಣಿನ ಕುಸ್ತಿಯಲ್ಲಿ ಈ ತಲೆನೋವು ಅಷ್ಟಾಗಿ ಇಲ್ಲ. ಮೈಸೂರು ದಸರಾ ಕುಸ್ತಿಗೆ ಇವತ್ತಿಗೂ ಮೊದಲೇ ಜೋಡಿ ಕಟ್ಟುತ್ತಾರೆ. ತಿಳಿದವರು ಕೂತು, ಪೈಲ್ವಾನರ ಮೈಕಟ್ಟು, ವಯಸ್ಸು, ಅನುಭವ ನೋಡಿ, ಯಾರಿಗೆ ಯಾರು ಸರಿಜೋಡಿ ಅಂತ ತೀರ್ಮಾನ ಮಾಡುತ್ತಾರೆ. ಮ್ಯಾಟ್ ಮೇಲೆ ಹಾಗಲ್ಲ. ಗಂಡಸರ ಫ್ರೀಸ್ಟೈಲ್‌ನಲ್ಲಿ 57, 61, 65, 70, 74 ಅಂತ ಶುರುವಾಗಿ 125ರವರೆಗೆ ಹತ್ತು ವಿಭಾಗಗಳಿವೆ. ಒಲಿಂಪಿಕ್ಸ್‌ನಲ್ಲಿ ಆರೇ. ಎರಡು ವಿಭಾಗಗಳ ಮಧ್ಯೆ ಸಿಕ್ಕಿಕೊಂಡವನು ಮೇಲೆ ಹೋಗಬೇಕು, ಇಲ್ಲವೇ ಕೆಳಗೆ ಇಳಿಯಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆ ಅಲ್ವಾ? ವಿನೇಶ್ ಫೋಗಟ್ ಅದಕ್ಕೂ ಮುಂಚೆ 53 ಕಿಲೋದಲ್ಲಿ ಆಡುತ್ತಿದ್ದವರು. ಆ ವಿಭಾಗದಲ್ಲಿ ಭಾರತಕ್ಕಿದ್ದ ಒಂದೇ ಸ್ಥಾನವನ್ನು ಅಂತಿಮ್ ಪಂಘಾಲ್ ಗೆದ್ದುಕೊಂಡಿದ್ದರು. ಹಾಗಾಗಿ ವಿನೇಶ್ 50ಕ್ಕೆ ಇಳಿದರು. ಆಗಸ್ಟ್ 6ರ ಬೆಳಿಗ್ಗೆ ತೂಕ ಸರಿಯಾಗಿ ಬಂತು. ಅವತ್ತೇ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರು. ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಸಂಜೆ ನೋಡಿದರೆ ತೂಕ ಮಿತಿಗಿಂತ ಎರಡೂವರೆ ಕಿಲೋಗೂ ಜಾಸ್ತಿ. ರಾತ್ರಿಯಿಡೀ ನಿದ್ದೆಯಿಲ್ಲದೆ ಬೆವರು ಹರಿಸಿದರು, ಕೂದಲು ಕತ್ತರಿಸಿದರು. ಫೈನಲ್ ದಿನ ಬೆಳಿಗ್ಗೆ ಮತ್ತೆ ತೂಗಿದಾಗ ಮಿತಿಗಿಂತ ಜಾಸ್ತಿ ಉಳಿದಿದ್ದು 100 ಗ್ರಾಂ. ಅಷ್ಟಕ್ಕೇ ಫೈನಲ್ ಹೋಯಿತು, ಪದಕವೂ ಹೋಯಿತು. ಆ ಹೆಣ್ಣುಮಗಳ ಕಷ್ಟ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದೇ ಒಲಿಂಪಿಕ್ಸ್‌ನಲ್ಲಿ ಅಮನ್ ಸೆಹ್ರಾವತ್ ಕೂಡ ಇಂಥದ್ದೇ ಒಂದು ರಾತ್ರಿ ಕಳೆದರು. ಸುಮಾರು ಹತ್ತು ಗಂಟೆಯಲ್ಲಿ ನಾಲ್ಕೂವರೆ ಕಿಲೋ ಇಳಿಸಿ, 57 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಊರೆಲ್ಲ ಕೊಂಡಾಡಿತು. ನಮ್ಮ ಹುಡುಗರೆಲ್ಲ ನೆನಪಿಟ್ಟುಕೊಂಡಿರುವುದು ಇದನ್ನೇ. ಆದರೆ 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಅಮನ್ 1.7 ಕಿಲೋ ಜಾಸ್ತಿ ಬಂದು, ಒಂದು ಕುಸ್ತಿಯನ್ನೂ ಆಡದೆ ಹೊರಗುಳಿಯಬೇಕಾಯಿತು. ಮನುಷ್ಯ ಅದೇ, ವಿಭಾಗವೂ ಅದೇ. ಹಿಂದೆ ಬಗ್ಗಿದ ದೇಹ ಆ ಸಲ ಬಗ್ಗಲಿಲ್ಲ. ಜಗತ್ತಿನ ಅತ್ಯುತ್ತಮ ವೈದ್ಯರು, ತರಬೇತುದಾರರು ಪಕ್ಕದಲ್ಲಿದ್ದವರ ಗತಿಯೇ ಹೀಗಾದರೆ, ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೊರಟ ಹುಡುಗ ಹೆಡ್‌ಫೋನ್ ಹಾಕಿಕೊಂಡು, ಪ್ಲಾಸ್ಟಿಕ್ ಕೋಟು ತೊಟ್ಟು ಓಡಿ ಏನು ಸಾಧಿಸುತ್ತಾನೆ?

ಹಾಗಾದರೆ ಎಷ್ಟು ಇಳಿಸಬೇಕು? ಕಿಲೋ ಲೆಕ್ಕಕ್ಕೆ ಮುಂಚೆ ಪಂದ್ಯದ ನೋಟಿಸು ಓದಿ. ತೂಕ ಯಾವಾಗ ತೆಗೆದುಕೊಳ್ಳುತ್ತಾರೆ, ಅದಾದ ಎಷ್ಟು ಹೊತ್ತಿಗೆ ಮೊದಲ ಕುಸ್ತಿ? ಎಲ್ಲವೂ ನಿಂತಿರುವುದು ಇದರ ಮೇಲೆ. ಜೂಡೊದಲ್ಲಿ ಸಾಮಾನ್ಯವಾಗಿ ಹಿಂದಿನ ಸಂಜೆಯೇ ತೂಕ. ಹಾಗಂತ ರಾತ್ರಿ ಎಷ್ಟು ಬೇಕಾದರೂ ಏರಬಹುದು ಅಂತಲ್ಲ. ಬೆಳಿಗ್ಗೆ ಕೆಲವರನ್ನು ಕರೆದು ಮತ್ತೆ ತೂಗುತ್ತಾರೆ, ನೂರಕ್ಕೆ ಐದಕ್ಕಿಂತ ಜಾಸ್ತಿ ಏರಿರಬಾರದು. ಈಗ ಬೆಂಗಳೂರಲ್ಲಿ ತುಂಬಾ ಜನ ಕಲಿಯುತ್ತಿರುವ ಬ್ರೆಜಿಲಿಯನ್ ಜಿಯು ಜಿಟ್ಸುವಿನ ದೊಡ್ಡ ಟೂರ್ನಿಗಳಲ್ಲಿ ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ, ಗೀ ಅನ್ನುವ ದಪ್ಪ ಬಟ್ಟೆಯ ಉಡುಪು ತೊಟ್ಟುಕೊಂಡೇ ತಕ್ಕಡಿ ಹತ್ತಬೇಕು. ಅಲ್ಲಿಂದ ನೇರ ಮ್ಯಾಟಿಗೆ. ಕುಡಿದ ನೀರು ಮೈಗೆ ಹತ್ತುವಷ್ಟೂ ಸಮಯವಿಲ್ಲ. ಅಂಥ ಕಡೆ ಬೆವರು ಹರಿಸಿ ತೂಕ ಇಳಿಸುವುದಕ್ಕೆ ಅರ್ಥವೇ ಇಲ್ಲ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅವತ್ತಿನ ಬೆಳಿಗ್ಗೆಯೇ ತೂಕ. ಪದಕದ ಸುತ್ತಿಗೆ ಬಂದವರು ಮರುದಿನ ಬೆಳಿಗ್ಗೆ ಮತ್ತೆ ತೂಕ ಕೊಡಬೇಕು. ಅಂದರೆ ಕೇಳಿಕೊಳ್ಳಬೇಕಾದ್ದು "ಒಂದು ಸಲ ಇಳಿಯಬಲ್ಲೆನಾ" ಅಂತಲ್ಲ. ಮಧ್ಯೆ ತಿಂದು, ಕುಡಿದು, ಮೂರು ನಾಲ್ಕು ಕುಸ್ತಿ ಆಡಿ, ಮತ್ತೆ ಅದೇ ತೂಕಕ್ಕೆ ಬರಬಲ್ಲೆನಾ ಅಂತ.

ಈಗ ಆ 69 ಕಿಲೋ ಹುಡುಗನ ವಿಷಯಕ್ಕೆ ಬರೋಣ. 69 ಅಂದರೆ ಯಾವ 69? ಬೆಳಿಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದು, ಏನೂ ಕುಡಿಯದೆ ನೋಡಿದ ತೂಕವೇ ನಿಜವಾದ ತೂಕ. ಒಂದು ದಿನದ್ದಲ್ಲ, ಒಂದು ವಾರದ್ದು ಬರೆದಿಟ್ಟು ಸರಾಸರಿ ನೋಡಿ. ಸಂಜೆ ಅಭ್ಯಾಸ ಮುಗಿಸಿ ತಕ್ಕಡಿ ಹತ್ತಿ ಕಡಿಮೆ ಬಂತು ಅಂತ ಕುಣಿಯಬೇಡಿ, ಕಡಿಮೆಯಾಗಿರುವುದು ನೀರು. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದು ಕಿಲೋದವರೆಗೆ ಜಾಸ್ತಿ ತೋರಿಸಬಹುದು. ಪಂದ್ಯದ ತಾರೀಕು ಆ ದಿನಗಳಿಗೆ ಬೀಳುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು. ಇದನ್ನು ಕೋಚ್ ಹತ್ತಿರ ಹೇಳಿಕೊಳ್ಳುವುದಕ್ಕೆ ಸಂಕೋಚ ಬೇಡ. ತೂಕ ಇಳಿಸುತ್ತಾ ಮುಟ್ಟೇ ನಿಂತುಹೋದರೆ ಇಳಿಸುವುದನ್ನು ಅಲ್ಲಿಗೇ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು.

ಪಂದ್ಯಕ್ಕೆ ಎಂಟು ವಾರ ಇದೆ, ಹುಡುಗ ಬೆಳೆದವನು, ಹೊಟ್ಟೆಯಲ್ಲಿ ಒಂದಷ್ಟು ಕೊಬ್ಬಿದೆ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋ ಹತ್ತಿರ ಹೋಗುತ್ತದೆ. ಸಂಜೆಯ ಬಜ್ಜಿ, ಬೇಕರಿ ತಿಂಡಿ, ಸಕ್ಕರೆ ಹಾಕಿದ ಟೀ, ಎರಡನೇ ಸಲದ ಅನ್ನ ಬಿಟ್ಟರೆ ಬಹುಪಾಲು ಅಲ್ಲೇ ಮುಗಿಯಿತು. ಮೊಟ್ಟೆ, ಬೇಳೆ, ಹಾಲು, ಮಾಂಸ ಬಿಡಬಾರದು, ಬಿಟ್ಟರೆ ಹೋಗುವುದು ತೋಳಿನ ಬಲ. ಹೀಗೆ ಆರೇಳು ವಾರದಲ್ಲಿ 66ಕ್ಕೆ ಬಂದರೆ ಉಳಿಯುವುದು ಒಂದು ಕಿಲೋ. ಕೊನೆಯ ಮೂರು ದಿನ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ ನಿಲ್ಲಿಸಿ. ಒಳ್ಳೆಯ ಊಟವೇ, ಆದರೆ ಅದರ ನಾರು ನೀರು ಹಿಡಿದುಕೊಂಡು ಕರುಳಲ್ಲಿ ಕೂರುತ್ತದೆ. ಬದಲಿಗೆ ಬಿಳಿ ಅನ್ನ, ಮೊಸರು, ಮೊಟ್ಟೆ. ಉಪ್ಪಿನಕಾಯಿ, ಹಪ್ಪಳ ಬೇಡ. ಒಂದು ಕಿಲೋ ಅಷ್ಟರಲ್ಲೇ ಇಳಿಯುತ್ತದೆ, ನೀರು ಬಿಡುವ ಪ್ರಮೇಯವೇ ಬರುವುದಿಲ್ಲ.

ಪಂದ್ಯಕ್ಕೆ ಎರಡೇ ವಾರ ಇದ್ದರೆ? ಆಗ 70ರಲ್ಲೇ ಹೆಸರು ಬರೆಸಬೇಕು. ನನ್ನ ಮಾತು ಇಷ್ಟೇ: ಊಟದಿಂದ ನಿಧಾನವಾಗಿ ಇಳಿಯುವಷ್ಟು ಮಾತ್ರ ಇಳಿಸಿ. ಕೊನೆಯ ವಾರಕ್ಕೆ ಮೈತೂಕದ ನೂರಕ್ಕೆ ಎರಡಕ್ಕಿಂತ ಜಾಸ್ತಿ ಉಳಿದಿದ್ದರೆ ಅದು ನಿಮ್ಮ ವಿಭಾಗ ಅಲ್ಲ.

"70ರಲ್ಲಿ ಆಡಿದರೆ 74ರಿಂದ ಇಳಿದು ಬಂದ ದೊಡ್ಡವರ ಕೈಗೆ ಸಿಗ್ತೀನಿ" ಅನ್ನುತ್ತಾರೆ. ಈ ಭಯ ಸುಳ್ಳಲ್ಲ. ದೊಡ್ಡ ಮಟ್ಟದಲ್ಲಿ ಬಹಳ ಜನ ಇಳಿಸಿಯೇ ಬರುತ್ತಾರೆ. ಆದರೆ ತೂಕ ಕೊಡುವ ಕೋಣೆಯ ಹೊರಗೆ ಬೆಳಗಿನ ಜಾವ ಒಂದು ಸಲ ನಿಂತು ನೋಡಿ. ಚೂಯಿಂಗ್ ಗಮ್ ಜಗಿದು ಜಗಿದು ಬಾಟಲಿಗೆ ಉಗುಳುತ್ತಾ ಕೂತ ಹುಡುಗ ಕಾಣಿಸುತ್ತಾನೆ. ತುಟಿ ಬಿರಿದಿರುತ್ತದೆ, ಕಣ್ಣು ಗುಳಿ ಬಿದ್ದಿರುತ್ತದೆ. ಮಾತಾಡಿಸಿದರೆ ತಲೆ ಎತ್ತುವುದಿಲ್ಲ. ಆಮೇಲೆ ಅವನ ಕುಸ್ತಿ ನೋಡಿ. ಮೊದಲ ಮೂರು ನಿಮಿಷ ಹುಲಿ. ಎರಡನೇ ಮೂರು ನಿಮಿಷಕ್ಕೆ ಕಾಲು ಹಿಡಿದರೂ ಬೆರಳು ಜಾರುತ್ತದೆ. ಬೆವರಿನ ಜೊತೆ ರಕ್ತದ ನೀರೂ ಕಡಿಮೆಯಾಗಿರುತ್ತದೆ, ಹೃದಯ ಜಾಸ್ತಿ ಬಡಿದರೂ ಸಾಕಷ್ಟು ರಕ್ತ ತಲುಪುವುದಿಲ್ಲ. ಎರಡು ಗಂಟೆ ನೀರು ಕುಡಿದರೆ ಇದು ಸರಿಹೋಗುವುದಿಲ್ಲ.

ಕುಸ್ತಿ ಸೋತರೆ ಇನ್ನೊಂದು ಆಡಬಹುದು. 1997ರ ನವೆಂಬರ್, ಡಿಸೆಂಬರ್‌ನಲ್ಲಿ ಅಮೆರಿಕದ ಮೂರು ಬೇರೆ ಬೇರೆ ಕಾಲೇಜುಗಳ ಮೂವರು ಹುಡುಗರು ತೂಕ ಇಳಿಸಲು ಹೋಗಿ ಸತ್ತರು. ಬಿಸಿ ಕೋಣೆ, ರಬ್ಬರ್ ಉಡುಪು, ನೀರಿಲ್ಲದೆ ವ್ಯಾಯಾಮ. ನಮ್ಮ ಹುಡುಗರು ಮಾಡುವುದೂ ಇದನ್ನೇ ಅಲ್ವಾ? ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪು, ಸೌನಾ ನಿಷೇಧಿಸಿದರು. ಸೀಸನ್ನಿನ ಮೊದಲಲ್ಲೇ ಮೂತ್ರ ಪರೀಕ್ಷೆ ಮಾಡಿ, ಮೈಯಲ್ಲಿ ನೀರು ಸರಿಯಾಗಿದ್ದಾಗ ಕೊಬ್ಬು ಅಳೆದು, ಯಾರು ಎಲ್ಲಿಯವರೆಗೆ ಇಳಿಯಬಹುದು ಅಂತ ಗೊತ್ತುಮಾಡುವ ಪದ್ಧತಿ ಬಂತು. ವಾರಕ್ಕೆ ಮೈತೂಕದ ನೂರಕ್ಕೆ ಒಂದೂವರೆಗಿಂತ ಜಾಸ್ತಿ ಇಳಿಸುವ ಹಾಗಿಲ್ಲ. ನಮ್ಮಲ್ಲೂ ಜಿಲ್ಲಾ ಮಟ್ಟದಿಂದಲೇ ಇಂಥದ್ದೊಂದು ನಿಯಮ ಬರಬೇಕು ಅನ್ನುವುದು ನನ್ನ ಬೇಡಿಕೆ.

ಮೂತ್ರ ಹೋಗಿಸುವ ಮಾತ್ರೆಯಂತೂ ಮುಟ್ಟಲೇಬೇಡಿ. ಅದು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿದೆ. ತೂಕ ಕೊಟ್ಟ ಮೇಲೆ ಬೇಗ ಚೇತರಿಸಿಕೊಳ್ಳೋಣ ಅಂತ ಡ್ರಿಪ್ ಹಾಕಿಸಿಕೊಳ್ಳುವುದೂ ಅಷ್ಟೇ, 12 ಗಂಟೆಯಲ್ಲಿ 100 ಮಿಲಿಲೀಟರ್ ದಾಟಿದರೆ ತಪ್ಪು. ಆಸ್ಪತ್ರೆಯ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಜೊತೆಗೆ ಬಾಳೆಹಣ್ಣು, ಇಡ್ಲಿ, ಸ್ವಲ್ಪ ಅನ್ನ ಸಾಕು.

ಕೊನೆಗೆ ಅಪ್ಪ ಅಮ್ಮಂದಿರಿಗೆ, ಊರಿನ ಉಸ್ತಾದರಿಗೆ ಒಂದು ಮಾತು. ಹದಿನೇಳರ ಒಳಗಿನ ಮಕ್ಕಳ ತೂಕ ಇಳಿಸಬೇಡಿ. ಅವರ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಮಗು ಬೆಳಿಗ್ಗೆ ಎಷ್ಟು ತೂಗುತ್ತದೋ ಆ ವಿಭಾಗಕ್ಕೇ ಹೆಸರು ಕೊಡಿ. ಪಂದ್ಯಕ್ಕೆ ಬರುವಷ್ಟರಲ್ಲಿ ಒಂದು ಕಿಲೋ ಬೆಳೆದು ಮೇಲಿನ ವಿಭಾಗಕ್ಕೆ ಹೋದರೆ ಹೋಗಲಿ, ಅಲ್ಲಿಯೇ ಆಡಿಸಿ. ಆ ವಾರವೂ ತಟ್ಟೆಗೆ ಎಂದಿನಷ್ಟೇ ಬಡಿಸಿ.

ನಮಸ್ಕಾರ.