ಕಂಡದ್ದೆಷ್ಟು, ಇರುವುದೆಷ್ಟು

ಶ್ರೋತೃಗಳೇ, ನಮಸ್ಕಾರ.

ನಕ್ಷತ್ರಮೀನು, ಸೀ ಅರ್ಚಿನ್ ಎಂದು ಕರೆಯುವ ಮುಳ್ಳುಚೆಂಡು, ಕಡಲಸೌತೆ ಇವೆಲ್ಲ ಕಂಟಕಚರ್ಮಿಗಳೆಂಬ ಒಂದೇ ವಂಶದ ಪ್ರಾಣಿಗಳು. ಮೀನಿನಂತೆ ಇವು ಕಣ್ಣೆದುರಿನಿಂದ ಓಡಿಹೋಗುವುದಿಲ್ಲವಾದ್ದರಿಂದ ಇವುಗಳ ಗಣತಿ ಸುಲಭವೆಂದು ತೋರುತ್ತದೆ. ಆಳವಿಲ್ಲದ ನೀರಿನಲ್ಲಿ ಒಂದು ಕಲ್ಲನ್ನು ಎತ್ತಿ ನೋಡಿದವರು ಆ ಮಾತನ್ನು ಮತ್ತೆ ಆಡುವುದಿಲ್ಲ.

ಕ್ರಮವೇನೋ ಸರಳ. ನೀರು ಪೂರ್ತಿ ಇಳಿದ ಹೊತ್ತಿಗೆ 50 ಮೀಟರ್ ಟೇಪನ್ನು ತಳದ ಮೇಲೆ ಹಾಸಿ, ಅದರ ಎರಡೂ ಬದಿಗೆ ಒಂದೊಂದು ಮೀಟರ್ ಅಗಲದೊಳಗೆ ಕಂಡದ್ದನ್ನೆಲ್ಲ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತ ಸಾಗಿದರೆ 100 ಚದರ ಮೀಟರ್ ನೋಡಿದಂತಾಯಿತು. ಮುಳ್ಳುಚೆಂಡುಗಳು ಒತ್ತೊತ್ತಾಗಿ ಕೂತಿರುವಲ್ಲಿ ಚಿಕ್ಕ ಚೌಕಟ್ಟನ್ನಿಟ್ಟು ಅದರೊಳಗಿನವನ್ನಷ್ಟೇ ಎಣಿಸುವುದು ವಾಸಿ.

ತೊಡಕಿರುವುದು ಕಾಣದವುಗಳಲ್ಲಿ. ಕೆಲವು ಜಾತಿಯ ಮುಳ್ಳುಚೆಂಡುಗಳ ಮರಿಗಳು ದೊಡ್ಡವುಗಳ ಮುಳ್ಳುಗಳ ಅಡಿಯಲ್ಲೇ ಆಶ್ರಯ ಪಡೆಯುತ್ತವೆ. ಇನ್ನು ಕೆಲವು ಚಿಪ್ಪಿನ ಚೂರು, ಪಾಚಿಗಳನ್ನು ಮೈಮೇಲೆ ಹೊದ್ದು ಕೂರುತ್ತವೆ. ಹಲವು ಕಡಲಸೌತೆಗಳು ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು ಕತ್ತಲಾದ ಮೇಲೆ ಮೇಲೇಳುವುದರಿಂದ, ಒಂದೇ ಜಾಗದ ಹಗಲಿನ ಲೆಕ್ಕಕ್ಕೂ ರಾತ್ರಿಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಕಲ್ಲನ್ನು ಮಗುಚಿ ನೋಡಿದರೆ ಮೊದಲಿದ್ದ ಮಗ್ಗುಲಿಗೇ ಮೆಲ್ಲಗೆ ಇಡಬೇಕು. ಇಲ್ಲದಿದ್ದರೆ ಅಡಿಯಲ್ಲಿದ್ದ ಜೀವಗಳು ಬಿಸಿಲಿಗೆ ಒಣಗಿಹೋಗುತ್ತವೆ. ಬಂಡೆಗೆ ಅಂಟಿದ ನಕ್ಷತ್ರಮೀನನ್ನು ಕಿತ್ತು ನೋಡುವ ಆಸೆಯೂ ಬೇಡ. ಅದರ ತೋಳುಗಳ ಅಡಿಯ ಸೀಳಿನಲ್ಲಿ ಸಾಲುಗಟ್ಟಿರುವ ಮೆತ್ತನೆಯ ನಳಿಕೆಪಾದಗಳು ಹಿಡಿದದ್ದನ್ನು ಬಿಡದೆ ತುಂಡಾಗಿ ಬಂಡೆಯಲ್ಲೇ ಉಳಿದುಬಿಡಬಹುದು.

ಅಳತೆಯಲ್ಲೂ ಒಂದೊಂದರದು ಒಂದೊಂದು ರೀತಿ. ಮುಳ್ಳುಚೆಂಡಿನಲ್ಲಿ ಮುಳ್ಳುಗಳನ್ನು ಬಿಟ್ಟು ಗಟ್ಟಿ ಕವಚದ ಅಡ್ಡಳತೆಯನ್ನು ಕ್ಯಾಲಿಪರ್‌ನಿಂದ ತೆಗೆಯುತ್ತಾರೆ. ನಕ್ಷತ್ರಮೀನಿನಲ್ಲಿ ನಡುವಿನಿಂದ ತೋಳಿನ ತುದಿಯವರೆಗೆ. ಕಡಲಸೌತೆಯಂತೂ ಕೈ ತಾಗಿದೊಡನೆ ಕುಗ್ಗುತ್ತದೆ, ಹೆಚ್ಚು ಕೆಣಕಿದರೆ ಕೆಲವು ಜಾತಿಗಳು ಕರುಳನ್ನೇ ಹೊರಚೆಲ್ಲುತ್ತವೆ. ಆದ್ದರಿಂದ ಮುಟ್ಟುವ ಮೊದಲೇ, ಅದು ಮಲಗಿದ್ದಲ್ಲೇ, ಉದ್ದ ಅಗಲ ಅಳೆಯುವುದು ಜಾಣತನ.

ಇಷ್ಟೆಲ್ಲ ಶ್ರಮ ಏಕೆಂದರೆ, 1983ರಲ್ಲಿ ಪನಾಮಾದ ಕರಾವಳಿಯಲ್ಲಿ ಶುರುವಾದ ರೋಗವೊಂದು ಸುಮಾರು ಒಂದು ವರ್ಷದಲ್ಲಿ ಕೆರಿಬಿಯನ್ ಸಮುದ್ರವಿಡೀ ಹರಡಿ, ಡಯಾಡೆಮಾ ಎಂಬ ಉದ್ದಮುಳ್ಳಿನ ಕಪ್ಪು ಮುಳ್ಳುಚೆಂಡಿನ ಜಾತಿಯನ್ನು ಬಹುತೇಕ ಅಳಿಸಿಹಾಕಿತು. ಅವು ಮೇಯುತ್ತಿದ್ದ ಪಾಚಿ ಹವಳದ ದಿಬ್ಬಗಳನ್ನು ಮುಚ್ಚಿತು. ಮೊದಲೇ ಎಣಿಸಿಟ್ಟಿದ್ದ ಜಾಗಗಳಿದ್ದುದರಿಂದಲೇ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸತ್ತವೆಂದು ಹೇಳಲು ಸಾಧ್ಯವಾಯಿತು.

ಹಾಗಾಗಿ ಇಡೀ ಟೇಪು ಮುಗಿದರೂ ಒಂದು ಜಾತಿ ಕಾಣದಿದ್ದರೆ ಅದರ ಎದುರಿನ ಜಾಗವನ್ನು ಖಾಲಿ ಬಿಡದೆ ಸೊನ್ನೆ ಬರೆಯಬೇಕು. ಖಾಲಿ ಜಾಗ ಕಂಡರೆ, ಅಲ್ಲಿ ಅದು ಇರಲಿಲ್ಲವೋ ಅಥವಾ ನಾವು ನೋಡಲೇ ಇಲ್ಲವೋ ಎಂಬುದು ಮುಂದೆ ಹಲಗೆ ಹಿಡಿದು ಬರುವವರಿಗೆ ತಿಳಿಯುವುದಿಲ್ಲ.