ಕೈಬೀಸಿನ ಆಟಗಳು: ಚಲನೆಯನ್ನು ಅರಿಯುವ ಕಂಟ್ರೋಲರ್‌ಗಳು

ಶ್ರೋತೃಗಳಿಗೆ ನಮಸ್ಕಾರ.

2006ರ ನವೆಂಬರಿನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ವೀ’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಕಂಟ್ರೋಲರ್ ನೋಡಲು ಟಿವಿ ರಿಮೋಟಿನಂತಿತ್ತು. ಹಿಡಿದು ಬೀಸಿದರೆ ಪರದೆಯ ಮೇಲಿನ ಟೆನಿಸ್ ಆಟಗಾರನೂ ರ್‍ಯಾಕೆಟ್ ಬೀಸುತ್ತಿದ್ದ. ಹತ್ತಾರು ಗುಂಡಿಗಳನ್ನು ಕಂಡು ದೂರ ಉಳಿದಿದ್ದ ಹಿರಿಯರೂ ಆಟಕ್ಕಿಳಿದರು, ಹತ್ತು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಆದರೂ ಈ ಸಾಧನ ಎಲ್ಲ ಬಗೆಯ ಆಟಗಳಿಗೂ ಒಗ್ಗಲಿಲ್ಲ. ಅದೇಕೆಂದು ತಿಳಿಯಲು ಅದರ ಒಳಗನ್ನು ನೋಡಬೇಕು.

ಆ ರಿಮೋಟಿನೊಳಗೆ ಮೂರು ದಿಕ್ಕುಗಳಲ್ಲಿ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಚಿಪ್ ಒಂದಿತ್ತು. ಕೈ ನಿಶ್ಚಲವಾಗಿದ್ದಾಗ ಅದು ಗುರುತ್ವವನ್ನು ಗ್ರಹಿಸಿ, ರಿಮೋಟ್ ಎಷ್ಟು ವಾಲಿದೆಯೆಂದು ಹೇಳಬಲ್ಲದು. ಕೈ ಬೀಸಿದಾಗ ಮಾತ್ರ ಗುರುತ್ವವೂ ಬೀಸಿನ ರಭಸವೂ ಬೆರೆತುಹೋಗುವುದರಿಂದ, ರಿಮೋಟ್ ಯಾವ ಕಡೆಗೆ ತಿರುಗಿದೆಯೆಂಬುದು ಅದಕ್ಕೆ ಖಚಿತವಾಗಿ ತಿಳಿಯದು. ‘ವೀ ಸ್ಪೋರ್ಟ್ಸ್’ನ ಟೆನಿಸಿಗೆ ಈ ಕೊರತೆ ತೊಡಕಾಗಲಿಲ್ಲ, ಅಲ್ಲಿ ಆಟಗಾರ ತಾನಾಗಿಯೇ ಚೆಂಡಿನ ಬಳಿಗೆ ಓಡುತ್ತಾನೆ, ನಮಗೆ ಉಳಿಯುವುದು ಮುಖ್ಯವಾಗಿ ಬೀಸುವ ಕ್ಷಣದ ನಿರ್ಧಾರ. 2008ರ ‘ಮಾರಿಯೋ ಕಾರ್ಟ್ ವೀ’ಯಲ್ಲಿ ರಿಮೋಟನ್ನು ಪ್ಲಾಸ್ಟಿಕ್ ಚಕ್ರದೊಳಗೆ ಕೂರಿಸಿ ವಾಲಿಸಿದರೆ ಬಂಡಿ ತಿರುಗುತ್ತಿತ್ತು, ಅದಕ್ಕೂ ಇಷ್ಟೇ ಸಾಕಾಗಿತ್ತು.

ಕತ್ತಿವರಸೆಗೆ ಮಾತ್ರ ಇದು ಸಾಲದು. 2009ರಲ್ಲಿ ‘ಮೋಷನ್ ಪ್ಲಸ್’ ಎಂಬ ಜೋಡಣೆಯ ಮೂಲಕ ತಿರುಗುವಿಕೆಯ ವೇಗವನ್ನು ಅಳೆಯುವ ಜೈರೊಸ್ಕೋಪ್ ಬಂದ ಮೇಲೆಯೇ, ಎದುರಾಳಿ ಎಡಕ್ಕೆ ಅಡ್ಡಗಟ್ಟಿದರೆ ಬಲಗಡೆಯಿಂದ ಹೊಡೆಯಬೇಕಾದ ‘ಸ್ಕೈವರ್ಡ್ ಸ್ವೋರ್ಡ್’ನಂಥ ಸಾಹಸದ ಆಟ 2011ರಲ್ಲಿ ಸಾಧ್ಯವಾಯಿತು. ಜೈರೊಸ್ಕೋಪಿಗೂ ಒಂದು ದೋಷವುಂಟು: ಅಳತೆಯ ಸಣ್ಣ ತಪ್ಪುಗಳು ಕೂಡುತ್ತಾ ಹೋಗಿ ದಿಕ್ಕು ನಿಧಾನವಾಗಿ ಜಾರುತ್ತದೆ, ಆಗಾಗ ಸರಿಪಡಿಸಬೇಕಾಗುತ್ತದೆ.

ಈ ತಂತ್ರಜ್ಞಾನದ ನಿಜವಾದ ನೆಲೆ ಗುರಿಯಿಡುವ ಆಟಗಳು ಎಂಬುದು ನನ್ನ ದೃಢ ಅಭಿಪ್ರಾಯ. ವೀ ಯಂತ್ರದಲ್ಲಿ ಟಿವಿಯ ಬಳಿ ಇಡುತ್ತಿದ್ದ ಪಟ್ಟಿ ಕೇವಲ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸೂಸುತ್ತಿತ್ತು. ನೋಡುವ ಕ್ಯಾಮೆರಾ ಇದ್ದದ್ದು ರಿಮೋಟಿನ ತುದಿಯಲ್ಲಿ. ಹಾಗಾಗಿ ‘ರೆಸಿಡೆಂಟ್ ಈವಿಲ್ 4’ರ 2007ರ ವೀ ಆವೃತ್ತಿಯಲ್ಲಿ ಬೆರಳು ತೋರಿಸಿದಷ್ಟು ಸಲೀಸಾಗಿ ಗುರಿಯಿಡಬಹುದಿತ್ತು. 2015ರ ‘ಸ್ಪ್ಲಟೂನ್’ ಇನ್ನೂ ಜಾಣತನ ತೋರಿತು: ದೊಡ್ಡ ತಿರುವಿಗೆ ಹೆಬ್ಬೆರಳಿನಿಂದ ವಾಲಿಸುವ ಪುಟ್ಟ ಸ್ಟಿಕ್, ನವಿರಾದ ತಿದ್ದುಪಡಿಗೆ ಕೈಯ ಚಲನೆ. ತೋಳು ದಣಿಯುವುದಿಲ್ಲ, ಗುರಿಯೂ ತಪ್ಪುವುದಿಲ್ಲ.

ನೆಗೆದಾಟದ ಆಟಗಳ ಕಥೆ ಬೇರೆ. 2010ರ ‘ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್’ನಲ್ಲಿ ಉರುಳಲು ರಿಮೋಟನ್ನು ಅಲುಗಾಡಿಸಬೇಕಿತ್ತು. ಗುಂಡಿ ಒತ್ತಿದ ಕೂಡಲೇ ಫಲ ಸಿಗುತ್ತದೆ. ಅಲುಗಾಟವಾದರೋ ನಡೆದ ಮೇಲಷ್ಟೇ ಯಂತ್ರಕ್ಕೆ ತಿಳಿಯುತ್ತದೆ. ಪ್ರಪಾತದ ಅಂಚಿನಲ್ಲಿ ಆ ಚೂರು ವಿಳಂಬವೂ ದುಬಾರಿ. 2013ರಲ್ಲಿ ಅದೇ ಆಟ ನಿಂಟೆಂಡೊದ ಅಂಗೈ ಯಂತ್ರವಾದ 3ಡಿಎಸ್‌ಗೆ ಬಂದಾಗ ಉರುಳುವ ಕೆಲಸ ಗುಂಡಿಯ ಪಾಲಾಯಿತು.

ತೋಳೆತ್ತಲಾಗದವರು, ಕೈ ನಡುಗುವವರು ಕೂಡ ಆಡಲು ಬಯಸುತ್ತಾರೆ. ಚಲನೆಯನ್ನು ಕಡ್ಡಾಯ ಮಾಡಿದ ಆಟ ಅವರನ್ನು ಹೊರಗೇ ನಿಲ್ಲಿಸುತ್ತದೆ, ಅದು ಅನ್ಯಾಯ. ಚಲನೆಯೇ ಪ್ರಾಣವಾಗಿದ್ದ ‘ಸ್ಕೈವರ್ಡ್ ಸ್ವೋರ್ಡ್’ 2021ರಲ್ಲಿ ನಿಂಟೆಂಡೊದ ‘ಸ್ವಿಚ್’ ಯಂತ್ರಕ್ಕೆ ಮರಳಿದಾಗ, ಕತ್ತಿಯನ್ನು ಸ್ಟಿಕ್ಕಿನಿಂದಲೂ ಬೀಸುವ ಆಯ್ಕೆಯನ್ನು ತಯಾರಕರು ಅದರಲ್ಲಿ ಒದಗಿಸಿದರು.