ಸ್ಪ್ಯಾಮ್ ಮೇಲ್‌ನ ಖರ್ಚು ಯಾರ ತಲೆಗೆ?
(ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ಸ್ಪ್ಯಾಮ್ ಅಂದ ಕೂಡಲೇ ಲಾಟರಿ ಹೊಡೆದಿದೆ, ಸಾಲ ಮಂಜೂರಾಗಿದೆ ಎನ್ನುವ ಮೇಲ್‌ಗಳು ನೆನಪಾಗುತ್ತವೆ. ಅಳಿಸಿದರೆ ಮುಗೀತಲ್ಲ ಮಾರಾಯ್ರೆ, ಇದಕ್ಕೆಂತಕ್ಕೆ ಉಪನ್ಯಾಸ ಎಂದು ಕೆಲವರಿಗೆ ಅನ್ನಿಸಿರಬಹುದು. ನಿಮ್ಮ ಇನ್‌ಬಾಕ್ಸಿಗೆ ಬಂದು ಬೀಳುವುದು ಸೋಸಿದ ಮೇಲೆ ಉಳಿದದ್ದು ಮಾತ್ರ. ಹೆಚ್ಚಿನದನ್ನು ದಾರಿಯಲ್ಲೇ ತಡೆಯುತ್ತಾರೆ. ತಡೆಯಲಿಕ್ಕೆ ಸರ್ವರ್ ಬೇಕು, ಕರೆಂಟು ಬೇಕು, ಸಂಬಳದ ಜನ ಬೇಕು. ಕಳಿಸಿದವನು ಅದಕ್ಕೆ ಬಿಡಿಗಾಸೂ ಕೊಡುವುದಿಲ್ಲ. ಆ ದಾರಿಯೇ ಹಾಳಾದ ಕತೆಯನ್ನು ಇವತ್ತು ಹೇಳುತ್ತೇನೆ.

ಮೇಲ್ ಸಾಗಿಸುವ ನಿಯಮಕ್ಕೆ ಎಸ್‌ಎಂಟಿಪಿ ಎಂದು ಹೆಸರು. 1982ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಬರೆದದ್ದು. ಎರಡು ಸರ್ವರ್‌ಗಳ ಮಾತುಕತೆ ತೀರಾ ಸರಳ. ಒಂದು ‘ಹೆಲೋ’ ಎಂದು ತನ್ನ ಹೆಸರು ಹೇಳುತ್ತದೆ. ಇನ್ನೊಂದು ‘250’ ಎನ್ನುತ್ತದೆ. ಸರಿ, ಮುಂದೆ ಹೇಳು ಎಂದರ್ಥ. ‘ಮೇಲ್ ಫ್ರಮ್’ ಇಂಥವರು. 250. ‘ಆರ್‌ಸಿಪಿಟಿ ಟು’ ಇಂಥವರಿಗೆ. 250. ಆಮೇಲೆ ಪತ್ರ. ನೀನು ಹೇಳಿದ ಹೆಸರು ನಿನ್ನದೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಇದರಲ್ಲಿ ಎಲ್ಲೂ ಇಲ್ಲ. ಇನ್‌ಲ್ಯಾಂಡ್ ಪತ್ರದ ಹಿಂದೆ ಯಾರ ವಿಳಾಸ ಬರೆದರೂ ಅಂಚೆಯವರು ಕೇಳುವುದಿಲ್ಲವಲ್ಲ, ಹಾಗೇ. ಪೋಸ್ಟೆಲ್ ಅವರಿಗೆ ಅಪಾಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೇಡದ ಮೇಲ್‌ನ ಕಾಟದ ಬಗ್ಗೆ 1975ರಲ್ಲೇ ಅವರೊಂದು ಟಿಪ್ಪಣಿ ಬರೆದಿದ್ದರು. 1978ರ ಮೇ ತಿಂಗಳಲ್ಲಿ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುರ್ಕ್, ಇಂಟರ್ನೆಟ್ಟಿನ ಪೂರ್ವಜ ಎನ್ನಬಹುದಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಟ್ಟಿಗೇ ಜಾಹೀರಾತು ಕಳಿಸಿ ಬೈಸಿಕೊಂಡೂ ಆಗಿತ್ತು. ಆದರೆ ಆಗಿನ ಜಾಲ ಸಣ್ಣದು, ಗುರುತು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆ ನಂಬಿಕೆಯಲ್ಲಿ ಒಂದು ಒಳ್ಳೆಯ ಗುಣವೂ ಇತ್ತು. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಯಿತು, ಸರ್ವರ್ ಮಲಗಿತು ಅನ್ನಿ. ಕಳಿಸಿದ ಕಡೆಯ ಸರ್ವರ್ ಪತ್ರವನ್ನು ಬಿಸಾಡುವುದಿಲ್ಲ. ನಾಲ್ಕೈದು ದಿನ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಮ್ಮಂಥ ಊರಿಗೆ ಹೇಳಿ ಮಾಡಿಸಿದ ಏರ್ಪಾಡು.

ಸ್ಪ್ಯಾಮರ್‌ಗಳು ಕೈಹಾಕಿದ್ದು ಇಂಥ ಸೌಜನ್ಯಗಳಿಗೇ. ತೊಂಬತ್ತರ ದಶಕದಲ್ಲಿ ಯಾರು ಕೊಟ್ಟ ಪತ್ರವನ್ನಾದರೂ ಮುಂದಕ್ಕೆ ದಾಟಿಸುವ ‘ಓಪನ್ ರಿಲೇ’ ಸರ್ವರ್‌ಗಳು ಬೇಕಾದಷ್ಟಿದ್ದವು. ಒಂದು ಪತ್ರ, ಸಾವಿರ ವಿಳಾಸ ಕೊಟ್ಟು ಹೋದರೆ ದುಡಿಯುವ ಪಾಳಿ ಆ ಸರ್ವರ್‌ನದು. ಅವೆಲ್ಲ ಬಾಗಿಲು ಹಾಕಿಕೊಂಡ ಮೇಲೆ ವೈರಸ್ ಹತ್ತಿದ ಮನೆ ಕಂಪ್ಯೂಟರ್‌ಗಳ ಪಡೆ ಬಂತು, ಅದೇ ಬಾಟ್‌ನೆಟ್.

ಸಣ್ಣ ಸಂಸ್ಥೆಯೊಂದರ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದಾಗ ನಾನು ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಬಂದು ನೋಡಿದರೆ ಸರದಿಯಲ್ಲಿ ಸಾವಿರಾರು ‘ತಲುಪಲಿಲ್ಲ’ ಪತ್ರಗಳು. ನಾವು ಕಳಿಸಿಯೇ ಇಲ್ಲ! ಯಾರೋ ನಮ್ಮ ವಿಳಾಸ ಹಾಕಿ ಸ್ಪ್ಯಾಮ್ ಹರಿಬಿಟ್ಟಿದ್ದ, ಜಗತ್ತಿನ ಸರ್ವರ್‌ಗಳೆಲ್ಲ ಪ್ರಾಮಾಣಿಕವಾಗಿ ನಮಗೇ ವಾಪಸು ಕಳಿಸುತ್ತಿದ್ದವು. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಎನ್ನುತ್ತಾರೆ. ಅದರಡಿ ಅಡಿಕೆ ಖರೀದಿಯವರ ದರದ ಪತ್ರ ಸಿಕ್ಕಿಬಿದ್ದಿತ್ತು. ಲಾಗ್‌ನಲ್ಲಿ, ಅಂದರೆ ಸರ್ವರ್‌ನ ದಿನಚರಿಯಲ್ಲಿ, ಸ್ಪ್ಯಾಮರ್‌ಗಳ ಇನ್ನೊಂದು ಕಾಟ: ರವಿ, ರವಿ1, ರವಿ2 ಎಂದು ಇಲ್ಲದ ಹೆಸರುಗಳಿಗೆಲ್ಲ ಕದ ತಟ್ಟುವುದು, ಸರ್ವರ್ ಪ್ರತಿ ಸಲ ‘550, ಅಂಥವರಿಲ್ಲ’ ಎನ್ನುವುದು. 550 ಬರದ ಹೆಸರು ಅವರ ಪಟ್ಟಿಗೆ ಸೇರಿತು.

ತಡೆಯಲು ಹೋದವರ ಗತಿಯೂ ನೋಡಿ. ಸ್ಪ್ಯಾಮರ್‌ಗಳ ಕಪ್ಪುಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್ ಮೇಲೆ 2013ರ ಮಾರ್ಚ್‌ನಲ್ಲಿ ಸೆಕೆಂಡಿಗೆ ಸುಮಾರು 300 ಗಿಗಾಬಿಟ್‌ನಷ್ಟು ಬೇಡದ ದತ್ತಾಂಶ ಸುರಿಯುವ ದಾಳಿ ನಡೆಯಿತು. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವ, ಯಾರು ಕೇಳಿದರೂ ಉತ್ತರಿಸುವ ಡಿಎನ್‌ಎಸ್ (ವೆಬ್ ಹೆಸರಿಗೆ ವಿಳಾಸ ಹುಡುಕಿಕೊಡುವ) ಸರ್ವರ್‌ಗಳಿಗೆ ಸ್ಪ್ಯಾಮ್‌ಹೌಸ್ ಹೆಸರಲ್ಲೇ ಪ್ರಶ್ನೆ ಹಾಕಿ, ಅವನ್ನೇ ಆಯುಧ ಮಾಡಿಕೊಂಡಿದ್ದರು. ಅದಕ್ಕೂ ಮೊದಲು, 2008ರ ನವೆಂಬರ್ 11ರಂದು ಕ್ಯಾಲಿಫೋರ್ನಿಯಾದ ಮೆಕೊಲೊ ಎಂಬ, ಸ್ಪ್ಯಾಮರ್‌ಗಳು ನೆಚ್ಚಿಕೊಂಡಿದ್ದ ಹೋಸ್ಟಿಂಗ್ (ಸರ್ವರ್ ಬಾಡಿಗೆಗೆ ಕೊಡುವ) ಕಂಪನಿಯ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸಂತೋಷ ಬಹಳ ದಿನ ಇರಲಿಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನ ಮಟ್ಟ.

ನನ್ನ ತಕರಾರು ಇರುವುದು ಮದ್ದಿನ ಬಗ್ಗೆ. ಗ್ರೇಲಿಸ್ಟಿಂಗ್ ಎಂಬ ಉಪಾಯ 2003ರಲ್ಲಿ ಬಂತು: ಹೊಸಬರಿಗೆ ‘ಈಗಲ್ಲ, ಆಮೇಲೆ ಬಾ’ ಎನ್ನುವುದು. ನಿಜವಾದ ಸರ್ವರ್ ಮತ್ತೆ ಬರುತ್ತದೆ, ಅವಸರದ ಸ್ಪ್ಯಾಮರ್ ಬರುವುದಿಲ್ಲ. ಜಾಣತನವೇ ಸರಿ, ಆದರೆ ಒಟಿಪಿ ಕಾಯುವವನ ಪಾಡು? ಕಪ್ಪುಪಟ್ಟಿಗಳಲ್ಲಿ ಕೆಲವು ಐಪಿ ವಿಳಾಸಗಳ (ಜಾಲದಲ್ಲಿ ಕಂಪ್ಯೂಟರ್‌ಗಳ ಮನೆನಂಬರು) ಇಡೀ ಸಾಲನ್ನೇ ಹಿಡಿದು ಹಾಕುತ್ತವೆ. ಪಕ್ಕದ ವಿಳಾಸದವನ ತಪ್ಪಿಗೆ ನಿಮ್ಮ ಪತ್ರಕ್ಕೆ ನಿಷೇಧ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಮೇಲ್ ನಿಜಕ್ಕೂ ಆ ಹೆಸರಿನವರದೇ ಎಂದು ತಾಳೆ ನೋಡುವ ಗುರುತುಪತ್ರಗಳು ಬಂದವು; ಅವು ಬೇಕಾದವೇ. 2024ರ ಫೆಬ್ರವರಿಯಿಂದ ತನ್ನ ಬಳಕೆದಾರರಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ ಈ ಮೂರನ್ನೂ ಕಡ್ಡಾಯ ಮಾಡಿದೆ. ಇಷ್ಟೆಲ್ಲ ಜಂಜಾಟ ನಿಭಾಯಿಸಲಾರದ ಸೊಸೈಟಿ, ಶಾಲೆ, ಮುದ್ರಣಾಲಯಗಳು ಸ್ವಂತ ಸರ್ವರ್ ಬಿಟ್ಟು ಎರಡು ಮೂರು ದೈತ್ಯ ಕಂಪನಿಗಳ ಕೈಗೆ ಮೇಲ್ ಒಪ್ಪಿಸಿ ಕೂತಿವೆ. ಯಾರು ಬೇಕಾದರೂ ಸರ್ವರ್ ಇಟ್ಟು ಜಗತ್ತಿಗೆ ಪತ್ರ ಬರೆಯಬಹುದಿದ್ದ ಜಾಲವನ್ನು ಸ್ಪ್ಯಾಮರ್‌ಗಳು ಕೆಡಿಸಿದ್ದು ಹೀಗೆ.

ಇಲ್ಲಿ ಸಂಘ-ಸಂಸ್ಥೆಗಳ ವೆಬ್‌ಸೈಟ್ ನೋಡಿಕೊಳ್ಳುವವರು ಕೆಲವರಿದ್ದೀರಿ ಎಂದು ತಿಳಿಯಿತು. ಮುಂದೆ ಬನ್ನಿ. ನಿಮ್ಮ ಡೊಮೇನ್‌ಗೆ ಆ ಮೂರು ಗುರುತುಪತ್ರಗಳಿವೆಯೋ ಇಲ್ಲವೋ ಪರದೆಯ ಮೇಲೇ ನೋಡೋಣ, ಕರೆಂಟು ಹೋಗುವುದರೊಳಗೆ.